ಚಂದ್ರನ ಬೆನ್ನಿನ ಒರಳು

ಚಂದ್ರನ ಆಚೆ ಮಗ್ಗುಲಲ್ಲಿ, ಭೂಮಿಯ ಮೇಲೆ ನಿಂತವರ ಕಣ್ಣಿಗೆ ಎಂದೂ ಬೀಳದ ಕಡೆ, ಒಂದು ಕುಳಿಯಿದೆ. ದೊಡ್ಡ ಕಪ್ಪು ಕುಳಿ, ಅದರ ನಡುವೆ ಒಂದು ಬಿಳಿಯ ಬೆಟ್ಟ. ರಷ್ಯದವರು ಅದಕ್ಕೆ ತಮ್ಮ ಯಾರೋ ದೊಡ್ಡ ಮನುಷ್ಯನ ಹೆಸರಿಟ್ಟಿದ್ದಾರೆ. ಆ ಹೆಸರನ್ನು ಎಷ್ಟೋ ಸಲ ಬಾಯಿಪಾಠ ಮಾಡಿ ಅಷ್ಟೇ ಸಲ ಮರೆತಿದ್ದೇನೆ. ನನ್ನ ನಾಲಿಗೆ ಅದಕ್ಕೆ ತಿರುಗುವುದಿಲ್ಲ, ತಿರುಗಬೇಕಾದ ಅಗತ್ಯವೂ ನನಗೆ ಕಂಡಿಲ್ಲ. ಮಲ್ಲಿಪಟ್ಟಣಕ್ಕೆ ಒಂದು ಮೈಲಿ ದೂರದ ನಮ್ಮ ಊರಿನಲ್ಲಿ, ನಮ್ಮ ಮನೆಯ ಮಟ್ಟಿಗೆ, ಅದರ ಹೆಸರು ಒರಳು. ಈಗಲೂ ಮೊಮ್ಮಕ್ಕಳು ಫೋನಿನಲ್ಲಿ ಅದರ ಚಿತ್ರ ಹಿಡಿದು ನನಗೆ ಪಾಠ ಹೇಳಲು ಬಂದರೆ, ‘ಗೊತ್ತು ಬಿಡ್ರೋ, ಅದು ನಮ್ಮ ದೊಡ್ಡವ್ವನ ಒರಳು’ ಎನ್ನುತ್ತೇನೆ. ಮುದುಕಿಗೆ ಅರಳುಮರಳು ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ನನಗೇನೂ ಬೇಜಾರಿಲ್ಲ.

ಅಸಲಿ ಒರಳು ನಮ್ಮ ಹಳೆಯ ಮನೆಯ ಅಡಿಗೆಕೋಣೆಯ ನೆಲದಲ್ಲಿ ಹೂತಿತ್ತು. ಕಪ್ಪು ಕಲ್ಲು, ಬಾಯಿ ಎಷ್ಟು ಅಗಲವೆಂದರೆ, ಚಿಕ್ಕವಳಿದ್ದಾಗ ನಾನು ಅದರೊಳಗೆ ಕೂತು ಏಳಲಾರದೆ ಅತ್ತದ್ದುಂಟು. ಅದರ ಗುಂಡುಕಲ್ಲು ಮಾತ್ರ ಬಿಳಿ. ಹಳೆಯ ಗುಂಡು ಸೀಳಿದಾಗ ತಾತ ಹೇಮಾವತಿ ಹೊಳೆಯಿಂದ ಒಂದು ಬೆಣಚುಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಕಡೆಸಿದ್ದನಂತೆ. ಸುತ್ತಲಿನ ಹಳ್ಳಿಗಳಲ್ಲಿ ಕಪ್ಪು ಒರಳಿಗೆ ಬಿಳಿ ಗುಂಡು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಪ್ಪನ ಅಣ್ಣನ ಹೆಂಡತಿ ದೊಡ್ಡವ್ವ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂತು ಗುಂಡು ತಿರುಗಿಸುತ್ತಿದ್ದಳು. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಅಂಚಿಗೆ ಹತ್ತಿದ ಖಾರವನ್ನು ಗುಂಡಿನ ಕೆಳಕ್ಕೆ ತಳ್ಳುತ್ತಿದ್ದೆ. ಬೆರಳು ಸಿಕ್ಕದ ಹಾಗೆ ತಳ್ಳುವುದು ಒಂದು ವಿದ್ಯೆ. ಗುಂಡು ಯಾವಾಗ ಈ ಕಡೆ ಬರುತ್ತದೆ, ಯಾವಾಗ ಆ ಕಡೆ ಹೋಗುತ್ತದೆ ಎನ್ನುವುದು ಮೈಗೆ ಹತ್ತಬೇಕು. ಹುರುಳಿ ಸಾರಿನ ಖಾರಕ್ಕೆ ಒಂದು ಲಯ, ಉದ್ದಿನ ಹಿಟ್ಟಿಗೆ ಒಂದು, ಕಾಯಿಬೆಲ್ಲಕ್ಕೆ ಒಂದು. ಕಾಯಿಬೆಲ್ಲವಾದರೆ ಅರ್ಧಕ್ಕರ್ಧ ನನ್ನ ಬಾಯಿಗೇ ಹೋಗುತ್ತಿತ್ತು, ದೊಡ್ಡವ್ವ ಬೇರೆ ಕಡೆ ನೋಡುತ್ತ ತನಗೇನೂ ಗೊತ್ತಿಲ್ಲದವಳಂತೆ ಗುಂಡು ತಿರುಗಿಸುತ್ತಿದ್ದಳು.

ನಾನು ದೊಡ್ಡವ್ವನ ಮಗಳೇ ಆಗಿ ಬೆಳೆದೆ. ನನಗೆ ವರ್ಷ ತುಂಬುವುದರೊಳಗೆ ತಮ್ಮ ಅವ್ವನ ಹೊಟ್ಟೆಯಲ್ಲಿದ್ದ. ಅವನು ಹುಟ್ಟಿದ ಮೇಲೆ ಅವ್ವ ಜ್ವರ ಹಿಡಿದು ಮಲಗಿದಳು, ನನ್ನನ್ನು ದೊಡ್ಡವ್ವನ ಮಡಿಲಿಗೆ ಹಾಕಿದರು. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅವ್ವ ಎದ್ದು ಓಡಾಡುವಂತಾದ ಮೇಲೂ ನನ್ನನ್ನು ವಾಪಸ್ಸು ಕೇಳುವ ಮನಸ್ಸು ಯಾರಿಗೂ ಬರಲಿಲ್ಲ. ಒಂದೇ ಮನೆ, ಒಂದೇ ಒಲೆ, ಕೇಳುವುದಾದರೂ ಏನನ್ನು? ದೊಡ್ಡವ್ವನ ತಟ್ಟೆಯಲ್ಲಿ ಉಂಡು, ದೊಡ್ಡವ್ವನ ಕಂಬಳಿಯಲ್ಲಿ ಮಲಗಿ, ಏಳನೆಯ ವರ್ಷದವರೆಗೆ ನಾನು ಆ ಮನೆಯ ರಾಣಿಯಾಗಿದ್ದೆ. ಅವ್ವ ಎಂದರೆ ತಮ್ಮನ ತಾಯಿ, ಒಲೆಯ ಮುಂದೆ ಇರುವ ಒಬ್ಬ ಮೆತ್ತಗಿನ ಹೆಂಗಸು ಎಂದಷ್ಟೇ ನನಗೆ ಲೆಕ್ಕ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಶಾಲೆಯ ಇನ್‌ಸ್ಪೆಕ್ಟರರಿಂದ. ಅಪ್ಪ ಮಲ್ಲಿಪಟ್ಟಣದಲ್ಲಿ ಮೇಷ್ಟ್ರು, ದೊಡ್ಡಪ್ಪ ಬೇಸಾಯ ನೋಡುವವನು, ಮನೆಗೆ ಯಜಮಾನ. ರಾಗಿ ಕಣದಲ್ಲಿದ್ದ ದಿನ, ಇನ್‌ಸ್ಪೆಕ್ಟರು ಬಸ್ಸಿನಿಂದ ಇಳಿಯುತ್ತಾರೆಂದು ಅಪ್ಪ ಯಾರನ್ನೂ ಕೇಳದೆ ಗಾಡಿ ಕಟ್ಟಿಕೊಂಡು ಹೋದ. ಮಧ್ಯಾಹ್ನ ಕಾಲವಲ್ಲದ ಕಾಲದ ಮಳೆ ಬಂತು. ತೆನೆಯನ್ನು ಸಾಗಿಸಲು ಗಾಡಿಯಿಲ್ಲದೆ ಕಣದ ರಾಗಿಯೆಲ್ಲ ನೆನೆಯಿತು. ಇನ್‌ಸ್ಪೆಕ್ಟರು ಆ ದಿನ ಬರಲೂ ಇಲ್ಲ. ಖಾಲಿ ಗಾಡಿಯಲ್ಲಿ ತೊಯ್ದು ತೊಪ್ಪೆಯಾಗಿ ಬಂದ ಅಪ್ಪನನ್ನು ದೊಡ್ಡಪ್ಪ ಬಾಗಿಲಲ್ಲೇ ತಡೆದ.

“ಇಸ್ಕೂಲ್ ಮೇಷ್ಟ್ರಿಗೆ ಗಾಡಿ ಯಾಕ್ಲಾ, ಎತ್ತು ಯಾಕ್ಲಾ? ಓಗು, ಬಳಪ ಬಿತ್ತು, ಬಳಪ ಕುಯ್ಯಿ, ಬಳಪಾನೇ ಉಣ್ಣು!”

“ಆಯ್ತು. ನನ್ನ ಪಾಲು ನನಗೆ ಕೊಟ್ಬುಡು. ಬಳಪ ಬಿತ್ತೀನೋ ಭತ್ತ ಬಿತ್ತೀನೋ ನಾನು ನೋಡ್ಕತೀನಿ.”

ಇಬ್ಬರಿಗೂ ಮಾತು ಹಿಂದಕ್ಕೆ ತೆಗೆದುಕೊಂಡು ಗೊತ್ತಿರಲಿಲ್ಲ. ಹದಿನೈದು ದಿನದಲ್ಲಿ ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಬೀದಿಯ ಹೆಬ್ಬಾಗಿಲು ನಮ್ಮ ಕಡೆಗೆ ಬಂತು. ದೊಡ್ಡಪ್ಪ ಪಕ್ಕದ ಓಣಿಗೆ ಹೊಸ ಬಾಗಿಲು ಒಡೆಸಿಕೊಂಡ. ಗೋಡೆ ಅಡಿಗೆಕೋಣೆಯನ್ನೂ ಸೀಳಿತು, ಒರಳು ಆಚೆ ಕಡೆಗೆ ಹೋಯಿತು. ಹೂತ ಕಲ್ಲನ್ನು ಕಿತ್ತರೆ ಮನೆಗೆ ಕೇಡೆಂದು ಯಾರೂ ಅದನ್ನು ಮುಟ್ಟಲಿಲ್ಲ. ನಾನು ಕೀಳಬಹುದಾದ ಸಾಮಾನಾಗಿದ್ದೆ, ಹಾಗಾಗಿ ಈಚೆ ಕಡೆಗೆ ಬಂದೆ. ದೊಡ್ಡಪ್ಪ ಸಿಟ್ಟಿನಲ್ಲಿ ‘ಅವರ ಕಡೆ ಒಂದು ನರಪಿಳ್ಳೆಯನ್ನು ಮಾತಾಡಿಸಿದರೂ ನನ್ನ ತಲೆ ಮೇಲೆ ಆಣೆ’ ಎಂದು ದೊಡ್ಡವ್ವನನ್ನು ಕಟ್ಟಿಹಾಕಿದ್ದ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ, ನನ್ನೊಬ್ಬಳಿಗೆ ಗೊತ್ತಿರಲಿಲ್ಲ. ಮಕ್ಕಳಿಗೆ ಆಣೆಯ ವಿಷಯ ಹೇಳಬಾರದು ಎಂದು ಅಜ್ಜಿಯ ಕಟ್ಟಳೆ.

ಹೀಗಾಗಿ, ಗೋಡೆ ಎದ್ದ ವಾರಕ್ಕೆ ಸೇದುವ ಬಾವಿಯ ಹತ್ತಿರ ನಾನು ‘ದೊಡ್ಡವ್ವಾ’ ಎಂದು ಓಡಿಹೋದಾಗ ಅವಳು ಸೆರಗು ಮುಂದಕ್ಕೆಳೆದು, ಮುಖ ತಿರುಗಿಸಿ, ಕೊಡ ಎತ್ತಿಕೊಂಡು ನಡೆದೇಬಿಟ್ಟಳು. ಅರ್ಧ ತುಂಬಿದ ಕೊಡ. ನಾನು ಬಾವಿಕಟ್ಟೆಯ ಮೇಲೆ ಕೂತು, ಇವಳಿಗೆ ನಾನು ಬೇಡವಾದೆ ಎಂದು ತೀರ್ಮಾನಿಸಿದೆ. ಏಳು ವರ್ಷದವಳ ತೀರ್ಮಾನ ಹೈಕೋರ್ಟಿನ ತೀರ್ಮಾನಕ್ಕಿಂತ ಗಟ್ಟಿ. ಆಮೇಲೆ ನನ್ನ ಬಾಳಿನಲ್ಲಿ ಎಂತೆಂಥ ಬಾಗಿಲುಗಳು ಮುಚ್ಚಿವೆ. ಆ ದಿನದ ಹಾಗೆ ಯಾವುದೂ ಎದೆಗೆ ಬಡಿದಿಲ್ಲ.

ಗೋಡೆ ಸೂರಿನವರೆಗೆ ಮುಟ್ಟಿರಲಿಲ್ಲ. ಅಟ್ಟದ ತೊಲೆಯ ಕೆಳಗೆ ನಿಂತಿತ್ತು, ಮೇಲೆ ಹೆಂಚಿನ ಮಾಡು ಒಂದೇ. ಹೊಗೆ, ಒಗ್ಗರಣೆಯ ಘಾಟು, ಕೆಮ್ಮು, ದೊಡ್ಡಪ್ಪನ ಗೊರಕೆ ಎಲ್ಲವೂ ದಾಟಿ ಬರುತ್ತಿದ್ದವು, ಪಿಸುಮಾತಿಗಿಳಿದ ದೊಡ್ಡವ್ವನ ದನಿಯೊಂದು ಬಿಟ್ಟು. ಬೆಳಗಾದರೆ ಒರಳಿನ ಗುಡುಗುಡು ಸದ್ದು. ನಾನು ಈಚೆ ಕಡೆ ಗೋಡೆಗೆ ಕಿವಿಕೊಟ್ಟು, ಇದು ಹುರುಳಿ ಸಾರು, ಇದು ಇಡ್ಲಿ ಹಿಟ್ಟು ಎಂದು ಲಯದಿಂದಲೇ ಹೇಳಬಲ್ಲವಳಾಗಿದ್ದೆ. ಎದುರಿಗೆ ಕೂತು ತಳ್ಳುವವರು ಇಲ್ಲದೆ ಸದ್ದು ನಡುನಡುವೆ ನಿಲ್ಲುತ್ತಿತ್ತು; ದೊಡ್ಡವ್ವ ತಾನೇ ಗುಂಡು ನಿಲ್ಲಿಸಿ ತಳ್ಳಿಕೊಂಡು ಮತ್ತೆ ತಿರುಗಿಸುತ್ತಿದ್ದಳು. ಆ ನಿಲುಗಡೆ ಬಂದಾಗಲೆಲ್ಲ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಇತ್ತ ಅವ್ವನಿಗೆ ಅಪ್ಪ ಅರಕಲಗೂಡು ಸಂತೆಯಿಂದ ಸಣ್ಣದೊಂದು ಒರಳು ತಂದುಕೊಟ್ಟ. ಹೊಸ ಕಲ್ಲು, ಮೂರು ತಿಂಗಳು ನಮ್ಮ ಚಟ್ನಿಯಲ್ಲಿ ಮರಳು ಕಡಿಯಿತು. ನಾನು ಪ್ರತಿ ಊಟಕ್ಕೂ ‘ದೊಡ್ಡವ್ವ ಮಾಡಿದ ಹಾಗಿಲ್ಲ’ ಎಂದು ತಟ್ಟೆ ದೂಡುತ್ತಿದ್ದೆ. ಅವ್ವ ಒಂದು ದಿನವೂ ಬೈಯಲಿಲ್ಲ, ತಟ್ಟೆಯನ್ನು ಮತ್ತೆ ನನ್ನ ಕಡೆಗೆ ಸರಿಸಿ ಹಾಲಿನ ಕೆನೆ ಹಾಕುತ್ತಿದ್ದಳು. ಕೆನೆ ತಿಂದು ಉಳಿದದ್ದನ್ನು ಬಿಡುವಷ್ಟು ಕೆಟ್ಟವಳಾಗಿದ್ದೆ ನಾನು.

ಎರಡೂ ಕಡೆ ಓಡಾಡುವ ಹಕ್ಕು ಇದ್ದದ್ದು ಅಜ್ಜಿಯೊಬ್ಬಳಿಗೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದೊಂದು ಮಗನ ಮನೆ. ಅಮಾವಾಸ್ಯೆಯ ಬೆಳಗ್ಗೆ ಚಾಪೆ, ಎಲೆಯಡಿಕೆ ಕುಟ್ಟುವ ಕಲ್ಲು, ಎರಡು ಸೀರೆ ಹೊತ್ತುಕೊಂಡು ಬೀದಿಗೆ ಇಳಿದು, ಓಣಿ ತಿರುಗಿ, ಆಚೆ ಬಾಗಿಲಲ್ಲಿ ಮಾಯವಾಗುತ್ತಿದ್ದಳು. ಹೋದ ತಿಂಗಳು ಅಲ್ಲಿ ಏನಾಯಿತು, ದೊಡ್ಡವ್ವ ನನ್ನ ವಿಚಾರ ಏನಾದರೂ ಅಂದಳೇ ಎಂದು ನಾನು ಪೀಡಿಸಿದರೆ ಅಜ್ಜಿಯ ಉತ್ತರ ಒಂದೇ.

“ಆಚೇದು ಆಚೆ, ಈಚೇದು ಈಚೆ. ನಾನು ಟಪಾಲು ಓರೋಳಲ್ಲ ಕಣೆ ಕೂಸೆ.”

ಗೋಡೆ ಎದ್ದ ಮೇಲಿನ ಮೊದಲ ಯುಗಾದಿಯ ಸಂಕಟ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಕಡೆ ಹಬ್ಬಕ್ಕಿಂತ ಹಬ್ಬದ ಮಾರನೆಯ ಸಂಜೆ ದೊಡ್ಡದು. ಪಡುವಣ ಬಾನಿನಲ್ಲಿ ಬಿದಿಗೆಯ ಚಂದ್ರನನ್ನು ಕಂಡು, ಉಟ್ಟ ಹೊಸ ಬಟ್ಟೆಯಿಂದ ಒಂದು ಎಳೆ ನೂಲು ಕಿತ್ತು ಅವನಿಗೆ ಅರ್ಪಿಸಿ, ಕೈಮುಗಿದು, ಆಮೇಲೆ ಕಿರಿಯರೆಲ್ಲ ಮನೆತನದ ಹಿರಿಯರ ಕಾಲಿಗೆ ಬೀಳಬೇಕು. ಚಂದ್ರನನ್ನು ಕಂಡೂ ಕಾಲಿಗೆ ಬೀಳದಿದ್ದರೆ ಆ ಹಿರಿಯರನ್ನು ಸತ್ತವರ ಲೆಕ್ಕಕ್ಕೆ ಹಾಕಿದ ಹಾಗೆ. ಆದ್ದರಿಂದ ಆ ವರ್ಷ ಅಪ್ಪ ಜಾಣತನ ಮಾಡಿ ‘ನಾನು ಚಂದ್ರನನ್ನು ನೋಡಲೇ ಇಲ್ಲ’ ಎಂದು ಒಳಗೇ ಕೂತ. ಆಚೆ ಕಡೆ ದೊಡ್ಡಪ್ಪನೂ ದನದ ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲವಂತೆ. ನಾನು ಚಂದ್ರನನ್ನು ಕಂಡಿದ್ದೆ. ಯಾರೂ ಇಲ್ಲದಾಗ ಅಡಿಗೆಕೋಣೆಗೆ ಹೋಗಿ, ಒರಳಿನ ಸದ್ದು ಬರುವ ಜಾಗ ಗುರುತು ಮಾಡಿಕೊಂಡು, ಗೋಡೆಯ ಬುಡಕ್ಕೆ ಅಡ್ಡಬಿದ್ದೆ. ಅವಳಿಗೆ ನಾನು ಬೇಡವಾಗಿದ್ದರೂ ದೊಡ್ಡವ್ವ ಸತ್ತವರ ಲೆಕ್ಕಕ್ಕೆ ಹೋಗುವುದು ನನಗೆ ಇಷ್ಟವಿರಲಿಲ್ಲ.

ಆ ವರ್ಷದ ದೀಪಾವಳಿಯ ಆಸುಪಾಸಿನಲ್ಲಿ ರಷ್ಯದವರ ಯಂತ್ರ ಚಂದ್ರನ ಆಚೆ ಮಗ್ಗುಲಿಗೆ ಹೋಗಿ ಚಿತ್ರ ತೆಗೆಯಿತು. ಹಾಸನದಿಂದ ಬರುವ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುತ್ತಿದ್ದ ಪೇಪರಿನಲ್ಲಿ ಆ ಚಿತ್ರ ಅಚ್ಚಾಯಿತು. ಅಪ್ಪ ಅದನ್ನು ಕತ್ತರಿಸಿ, ಮೈದಾ ಅಂಟಿನಲ್ಲಿ ರಟ್ಟಿಗೆ ಹಚ್ಚಿ, ಶಾಲೆಯಲ್ಲಿ ತೋರಿಸಿ ಮನೆಗೂ ತಂದ. ಮಸಿ ಹರಡಿದ ಒಂದು ಗುಂಡು, ಅಲ್ಲಲ್ಲಿ ಕಲೆ. ನಮ್ಮ ಚಂದ್ರನಲ್ಲಿ ಕಾಣುವ ಮೊಲ ಅದರಲ್ಲಿ ಇಲ್ಲ. ಒಂದು ಕಡೆ ಮಾತ್ರ ಕಪ್ಪು ಗುಳಿ, ಅದರ ನಡುವೆ ಒಂದು ಬಿಳಿ ಚುಕ್ಕೆ. ನಾನು ನೋಡಿದ ತಕ್ಷಣ ‘ಒರಳು!’ ಎಂದೆ. ಅಪ್ಪ ನಕ್ಕು, ಅದು ಕುಳಿ, ಬಿಳಿಯದು ಕುಳಿಯ ನಡುವಿನ ಬೆಟ್ಟ, ನಮ್ಮ ತಾಲ್ಲೂಕೇ ಅದರೊಳಗೆ ಹಿಡಿಯುತ್ತದೆ ಎಂದ. ತಾಲ್ಲೂಕು ಹಿಡಿಯುವ ಒರಳು ಇರಬಾರದೆಂದು ಯಾವ ಪುಸ್ತಕದಲ್ಲಿದೆ ಎಂದು ನಾನು ವಾದಿಸಿದೆ.

ಚಂದ್ರನಿಗೆ ಬೆನ್ನು ಇದೆ, ಅದು ನಮಗೆ ಎಂದೂ ಕಾಣುವುದಿಲ್ಲ ಎನ್ನುವುದನ್ನು ಅಜ್ಜಿ ನಂಬಲಿಲ್ಲ. ಅಪ್ಪ ಅವಳನ್ನು ನಡುಮನೆಯಲ್ಲಿ ಕೂರಿಸಿ, ನನ್ನನ್ನು ಚಂದ್ರನನ್ನಾಗಿ ಮಾಡಿ, ಅಜ್ಜಿಯ ಕಡೆಗೇ ಮುಖ ಇಟ್ಟುಕೊಂಡು ಅವಳ ಸುತ್ತ ಸುತ್ತಿಸಿದ. ಅಡ್ಡಡ್ಡ ಹೆಜ್ಜೆ ಇಟ್ಟು ನಾನು ಎರಡು ಸುತ್ತು ಬಂದೆ. ಅಜ್ಜಿಯೂ ಕೂತಲ್ಲೇ ತಿರುಗಿದಳು.

“ನೋಡಿದ್ಯಾ ಅವ್ವ? ಸುತ್ತ ಬಂದ್ಲು, ಬೆನ್ನು ಕಾಣಿಸ್ತಾ?”

“ಇಲ್ಲ ಕಣ್ಲಾ. ಆದ್ರೆ ಅದ್ರಲ್ಲೇನದೆ? ದೊಡ್ಡೋರಿಗೆ ಬೆನ್ನು ತೋರ್ಸಬಾರ್ದು ಅಂತ ಚಂದ್ರಂಗೆ ಗೊತ್ತದೆ. ಮರ್ಯಾದಸ್ತ ಅವ್ನು. ಬೆನ್ನಿಂದೆ ಓಗಿ ಇಣುಕ್ದೋರಿಗೆ ಮರ್ಯಾದೆ ಇಲ್ಲ.”

ಹೀಗೆಂದು ಆ ರಟ್ಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಪ್ಪ ಅದನ್ನು ಪಂಚಾಂಗದ ಪಕ್ಕ ಗೋಡೆಯ ಮಾಡದಲ್ಲಿ ಇಟ್ಟ. ನಾನು ಮಾತ್ರ ದಿನಕ್ಕೊಮ್ಮೆ ಅದನ್ನು ಇಳಿಸಿ, ಕಾಣದ ಕಡೆಯ ಒರಳನ್ನು ನೋಡಿ, ಮತ್ತೆ ಇಡುತ್ತಿದ್ದೆ.

ಎರಡನೆಯ ಯುಗಾದಿ ಬಂತು. ಅಮಾವಾಸ್ಯೆಗೆ ಅಜ್ಜಿ ನಮ್ಮ ಮನೆಗೆ ಬಂದಿದ್ದಳು. ಹಬ್ಬದ ಮಾರನೆಯ ದಿನ ಬೆಳಗಿನಿಂದ ಚಂದ್ರನನ್ನು ಕಾಣುವವರೆಗೆ ಅನ್ನ ಮುಟ್ಟದಿರುವುದು ಅವಳು ಮದುವೆಯಾಗಿ ಬಂದಾಗಿನಿಂದ ನಡೆಸಿದ ವ್ರತ. ಒಂದು ಹಗಲಿನ ಮಾತು, ಎಂದೂ ತೊಂದರೆಯಾಗಿರಲಿಲ್ಲ. ಆ ವರ್ಷ ಸಂಜೆ ಮೋಡ ಕವಿಯಿತು. ಊರಿಗೆ ಊರೇ ಕೆರೆ ಏರಿಯ ಮೇಲೆ ಕತ್ತು ಉದ್ದ ಮಾಡಿ ನಿಂತು, ಚಂದ್ರ ಕಾಣದೆ, ಬೈದುಕೊಂಡು ವಾಪಸ್ಸು ಬಂದು ಬಾಡೂಟ ಉಂಡಿತು. ಅಜ್ಜಿ ಮಜ್ಜಿಗೆ ಕುಡಿದು ಮಲಗಿದಳು. ಬಾಡಿನ ಸಾರೆಂದರೆ ಪ್ರಾಣ ಬಿಡುವ ಅಜ್ಜಿ. ಮಾರನೆಯ ದಿನವೂ ಅದೇ ಮಜ್ಜಿಗೆ, ಸಂಜೆ ಅದೇ ಮೋಡ. ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಕೂತರೆ ತಲೆ ಸುತ್ತುತ್ತಿತ್ತು. ಅವ್ವ ಬಿಸಿ ಅನ್ನ ಕಲಸಿ ಮುಂದಿಟ್ಟುಕೊಂಡು ಬೇಡಿದಳು. ಅಪ್ಪ ವಿಜ್ಞಾನ ಹೇಳಿದ. ಅಜ್ಜಿ ತುಟಿ ಬಿಗಿದು ಕೂತಳು. ಆಚೆ ಕಡೆಯಿಂದ ಯಾರೋ ಗೋಡೆಯ ಹತ್ತಿರ ಬಂದು ನಿಂತು ಕೆಮ್ಮಿದ ಸದ್ದು ಕೇಳಿಸಿತು.

ನನಗೆ ದಾರಿ ಹೊಳೆಯಿತು. ಚಂದ್ರನ ದರ್ಶನ ತಾನೇ ಬೇಕಾಗಿರುವುದು, ಚಂದ್ರ ಮಾಡದಲ್ಲೇ ಇದ್ದಾನಲ್ಲ! ರಟ್ಟನ್ನು ತಂದು ದೀಪದ ಪಕ್ಕ ಹಿಡಿದೆ.

“ಅಜ್ಜಿ, ಕಣ್ಬುಡು. ಚಂದ್ರ ಬಂದವ್ನೆ, ನೋಡು.”

ಅಜ್ಜಿಗೆ ಆಗಲೇ ಕಣ್ಣು ಮಂಜು. ಗುಂಡಗಿನದೇನೋ ಕಂಡಿತು. ಚಂದ್ರನ ಹೆಸರು ಕೇಳಿದ್ದೇ ತಡ ಅವಳ ಕೈ ತಾನಾಗಿ ಸೀರೆಯ ಸೆರಗಿಗೆ ಹೋಯಿತು. ಒಂದು ಎಳೆ ಕಿತ್ತು ರಟ್ಟಿನ ಮೇಲಿಟ್ಟಳು, ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದಳು. ಆಮೇಲೆ ಕಣ್ಣು ಕಿರಿದು ಮಾಡಿ ರಟ್ಟಿನ ಮೇಲೆ ಬಾಗಿದಳು.

“ಮೊಲ ಎಲ್ಲೆ?”

“ಮೊಲ ಆ ಕಡೆ ಅದೆ. ಇದು ಬೆನ್ನು.”

ಅಜ್ಜಿ ಕೆಂಡ ಮುಟ್ಟಿದವಳಂತೆ ಹಿಂದಕ್ಕೆ ಸರಿದಳು. ವರ್ಷದ ಮೊದಲ ದರ್ಶನ, ನೂಲು ಅರ್ಪಿಸಿ ಕೈಮುಗಿದದ್ದು ಚಂದ್ರನ ಬೆನ್ನಿಗೆ! ಇದು ದರ್ಶನವೋ, ಅಪಚಾರವೋ? ಉಣ್ಣಬಹುದೋ, ಇನ್ನೊಂದು ಸಲ ಕಾಯಬೇಕೋ? ಅಪ್ಪ ‘ಅದೂ ಅವನೇ ಅಲ್ಲವೇ’ ಎಂದ. ಅಜ್ಜಿ ಕೇಳಲಿಲ್ಲ. ಮನೆಯ ರೀತಿ ರಿವಾಜಿನ ಮಾತು ಮೇಷ್ಟ್ರು ತೀರ್ಮಾನಿಸುವಂಥದಲ್ಲ, ಯಜಮಾನ ತೀರ್ಮಾನಿಸಬೇಕು.

“ನಿಮ್ಮಣ್ಣನ್ನ ಕೇಳು. ಅವ್ನು ಉಣ್ಣು ಅಂದ್ರೆ ಉಣ್ತೀನಿ. ಇಲ್ದಿದ್ರೆ ನನ್ನ ಇಂಗೇ ಬುಡು.”

ಅಪ್ಪ ದೀಪದ ಬತ್ತಿ ಸರಿಮಾಡುತ್ತ ನಿಂತ. ಅಜ್ಜಿ ಚಾಪೆಯ ಮೇಲೆ ಉರುಳಿಕೊಂಡು ಕಣ್ಣು ಮುಚ್ಚಿದಳು. ಅಜ್ಜಿ ಸತ್ತೇಹೋಗುತ್ತಾಳೆ, ಅದಕ್ಕೆ ನಾನೇ ಕಾರಣ ಎಂದು ಅಳತೊಡಗಿದೆ. ಆಗ ಅವ್ವ, ಒಂದು ದಿನವೂ ಸ್ವರ ಎತ್ತದ ಅವ್ವ, ಅನ್ನದ ತಟ್ಟೆ ಕುಕ್ಕಿ ಎದ್ದಳು.

“ಕೇಳ್ರೀ ಅಂದ್ರೆ! ಗೋಡೆ ಕಟ್ಟೋವಾಗ ಇದ್ದ ಬಾಯಿ ಈಗೇನು ಸವ್ದೋಯ್ತಾ?”

ಅಪ್ಪ ಗಂಟಲು ಸರಿಮಾಡಿಕೊಂಡು, ಯಾರ ಹೆಸರನ್ನೂ ಹಿಡಿಯದೆ, ಗೋಡೆಗೆ ಪಾಠ ಮಾಡುವವನಂತೆ ನಡೆದದ್ದನ್ನೆಲ್ಲ ಹೇಳಿದ. ಹೇಳಿ ಮುಗಿಸಿ, ‘ಯಜಮಾನರಾದವರು ಒಂದು ಮಾತು ಹೇಳಬೇಕು’ ಎಂದ. ಆಗ ಬಂತು, ವರ್ಷದ ಮೇಲೆ ಮೂರು ತಿಂಗಳು ಕೂಡಿಟ್ಟ ದನಿ.

“ಬೆನ್ನಿಗೆ ಯಾವನ್ಲಾ ಕೈ ಮುಗೀತಾನೆ? ಗುಡೀಗೋಗಿ ಗರ್ಭಗುಡಿ ಇಂದ್ಗಡೆ ನಿಂತ್ಕಂಡು ಮಂಗಳಾರತಿ ಮಾಡ್ತೀಯಾ?”

“ಗರ್ಭಗುಡಿ ಸುತ್ತ ಪ್ರದಕ್ಷಿಣೆ ಹಾಕ್ವಾಗ ಹಿಂದ್ಗಡೆ ಗೋಡೆಗೂ ಕೈ ಮುಗೀತಾರೆ. ನೀನೇ ಮುಗಿಯೋದ್ನ ನೋಡಿವ್ನಿ.”

“ರಸ್ಯಾದೋರು ಬರ್ದಿದ್ದು ಚಂದ್ರ ಅಂತ ಯಾವ ಗ್ಯಾರಂಟಿ? ದ್ವಾಸೆ ಹೆಂಚಿನ ಫೋಟಾ ಇಡಿದು ಕ್ವಟ್ಟಿದ್ರೆ?”

“ನೋಡ್ದೆ ಮಾತಾಡ್ಬ್ಯಾಡ. ನೋಡಿ ಹೇಳು!”

“ಕೊಡ್ಲಾ ಇತ್ಲಾಗೆ!”

ಕೊಡುವುದು ಹೇಗೆ? ಒಬ್ಬನ ಹೊಸಿಲನ್ನು ಇನ್ನೊಬ್ಬ ತುಳಿಯುವುದಿಲ್ಲ. ಅಪ್ಪ ರಾಗಿ ತುಂಬಿದ ವಾಡೆಯ ಮೇಲೆ ಹತ್ತಿದ. ಆಚೆ ಕಡೆ ಏಣಿ ಒರಗಿಸಿದ ಸದ್ದಾಯಿತು. ಮಸಿ ಹಿಡಿದ ತೊಲೆಯ ಕೆಳಗೆ ಗೋಡೆಯ ತುದಿಯಲ್ಲಿ ದೊಡ್ಡಪ್ಪನ ತಲೆ ಮೂಡಿತು, ರುಮಾಲಿಗೆ ಜೇಡರ ಬಲೆ ಸುತ್ತಿಕೊಂಡಿತ್ತು. ಅಣ್ಣ ತಮ್ಮ ಮುಖಕ್ಕೆ ಮುಖ ಕೊಟ್ಟು ಅರೆಗಳಿಗೆ ನೋಡಿಕೊಂಡರು. ಅಪ್ಪ ರಟ್ಟು ಚಾಚಿದ, ದೊಡ್ಡಪ್ಪ ಕಸಿದುಕೊಂಡ, ತಲೆ ಮುಳುಗಿತು. ದೀಪ ತರಲು ಹೇಳಿದ್ದು ಕೇಳಿಸಿತು. ಬಳೆಯ ಸದ್ದು ಹತ್ತಿರ ಬಂತು. ಆಮೇಲೆ ನಾನು ವರ್ಷದಿಂದ ಕೇಳದ ದನಿ, ಗಂಡನಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ಗೋಡೆ ದಾಟಿ ಬಂತು.

“ಇಲ್ನೋಡಿ, ಕರೀದ್ರ ನಡ್ವೆ ಬಿಳೀದು. ನಮ್ಮ ಒಳ್ಳುಕಲ್ಲಲ್ವಾ ಇದು?”

ಈ ಚಿತ್ರವನ್ನು ನೋಡಿದ ಶಾಲೆಯ ಮಕ್ಕಳು, ಮೇಷ್ಟ್ರುಗಳು, ಅಪ್ಪ, ಅವ್ವ, ಯಾರೊಬ್ಬರಿಗೂ ಅಲ್ಲಿ ಒರಳು ಕಂಡಿರಲಿಲ್ಲ. ನಾನು ಗೋಡೆಗೆ ಬಾಯಿ ಹಚ್ಚಿ ಕಿರುಚಿದೆ.

“ಊಂ ದೊಡ್ಡವ್ವಾ! ಒಳ್ಳುಕಲ್ಲೇ ಅದು! ನಾನೂ ಅಂಗೇ ಅಂದೆ!”

ಉತ್ತರ ಬರಲಿಲ್ಲ. ನಾನು ಮತ್ತೆ ಕೂಗಿದೆ. ಆಚೆ ಕಡೆ ಯಾರೋ ಮೂಗು ಎಳೆದುಕೊಂಡರು, ಅಷ್ಟೇ. ಆಗ ದೊಡ್ಡಪ್ಪ, ಹೊಲದಲ್ಲಿ ಎತ್ತು ಹೊಡೆಯುವಾಗಿನ ದನಿಯಲ್ಲೇ, ಆದರೆ ಸ್ವಲ್ಪ ಬಿರುಕು ಬಿಟ್ಟ ದನಿಯಲ್ಲಿ ಹೇಳಿದ:

“ಮಾತಾಡೇ, ಅಳ್ತಾ ಯಾಕ್ ನಿಂತೆ? ನನ್ ತಲೆ ಮ್ಯಾಲಿನ ಆಣೆ ಇಳ್ಸಿವ್ನಿ. ಕೂಸು ಕೂಗ್ತಾ ಅದೆ, ಕೇಳಕಿಲ್ವಾ?”

ಹಾಗೆ ನನಗೆ ಆಣೆಯ ವಿಷಯ ಗೊತ್ತಾದದ್ದು. ಬಾವಿಯ ಹತ್ತಿರದ ಅರ್ಧ ಕೊಡ ಒಮ್ಮೆಗೇ ಅರ್ಥವಾಯಿತು. ನಾನು ಎಷ್ಟು ಹಗುರಾದೆನೆಂದರೆ, ಅಜ್ಜಿ ಇನ್ನೂ ಉಂಡಿಲ್ಲ ಎನ್ನುವುದೇ ಮರೆತುಹೋಯಿತು. ದೊಡ್ಡಪ್ಪ ಮರೆತಿರಲಿಲ್ಲ. ಕೆಮ್ಮಿ, ಪಂಚಾಯಿತಿಯಲ್ಲಿ ಕೂತವನಂತೆ ತೀರ್ಪು ಕೊಟ್ಟ.

“ಕೇಳವ್ವ. ಇದು ಚಂದ್ರನ ಬೆನ್ನಲ್ಲ. ಮನೆ ಅಂದ್ಮ್ಯಾಲೆ ಮುಂದೆ ಜಗಲಿ, ಇಂದೆ ಅಡ್ಗೆಮನೆ. ಮೊಲ ಇರಾದು ಜಗಲೀಲಿ, ಬಂದೋರು ಓದೋರೆಲ್ಲ ನೋಡ್ತಾರೆ. ಒಳ್ಳು ಇರಾದು ಒಳ್ಗೆ. ಒಳ್ಳು ಇರೋ ತಾವಿಗೆ ಬುಟ್ಕಳಾದು ನೆಂಟ್ರನ್ನ ಮಾತ್ರ. ನಿನ್ನ ಒಳೀಕೆ ಕರ್ದವ್ನೆ ಕಣವ್ವ ಚಂದ್ರ. ದರ್ಸನ ಆಯ್ತು. ಉಣ್ಣು.”

ಅಪ್ಪ ವಾಡೆಯ ಮೇಲೆ ನಿಂತೇ ಬಾಯಿ ತೆರೆದ. ಕುಳಿ, ಬೆಟ್ಟ, ಗಾತ್ರ ಎಂದು ಏನೋ ಹೇಳುವವನಿದ್ದ ಎಂದು ಕಾಣುತ್ತದೆ. ಅವ್ವ ಅವನ ಪಂಚೆಯ ತುದಿ ಹಿಡಿದು ಜಗ್ಗಿದಳು, ಬಾಯಿ ಮುಚ್ಚಿತು. ಅಜ್ಜಿ ಎದ್ದು ಕೂತು, ಕಲಸಿಟ್ಟ ಅನ್ನವನ್ನು ಪಕ್ಕಕ್ಕೆ ಸರಿಸಿ, ಬಾಡಿನ ಸಾರು ಉಳಿದಿದೆಯೇ ಎಂದು ಕೇಳಿದಳು. ಎರಡು ತುತ್ತು ಇಳಿದ ಮೇಲೆ ಜೀವ ಬಂದು ತನ್ನ ಕೆಲಸಕ್ಕೆ ಶುರುವಾದಳು.

“ನಾನು ಕಂಡಾಯ್ತು, ನೀವೆಲ್ಲ ಕಂಡಾಯ್ತು. ಇನ್ನು ಕಾಲಿಗೆ ಬೀಳ್ರೋ. ಯಾರ್ಯಾರು ಯಾರ್ಯಾರಿಗೆ ಬೀಳ್ಬೇಕು ಅನ್ನೋದು ಗೊತ್ತದಲ್ಲ?”

ರಟ್ಟನ್ನು ಎಲ್ಲರೂ ನೋಡಿದ್ದರು. ಈ ಸಲ ‘ಚಂದ್ರನನ್ನು ನೋಡಲೇ ಇಲ್ಲ’ ಎನ್ನಲು ಅಪ್ಪನಿಗೂ ದಾರಿಯಿರಲಿಲ್ಲ, ದೊಡ್ಡಪ್ಪನಿಗೂ ಇರಲಿಲ್ಲ. ದೊಡ್ಡಪ್ಪ ಓಣಿ ಸುತ್ತಿ ಬಂದು ನಮ್ಮ ಹೆಬ್ಬಾಗಿಲ ಎದುರು ಬೀದಿಯಲ್ಲಿ ನಿಂತ, ಹೊಸಿಲು ದಾಟಲಿಲ್ಲ. ಅಪ್ಪ ಹೊರಗೆ ಹೋಗಿ ಬೀದಿಯ ಮಣ್ಣಿನಲ್ಲೇ ಅಣ್ಣನ ಕಾಲು ಮುಟ್ಟಿದ. ದೊಡ್ಡಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು, ‘ಆ ಇನ್‌ಸ್ಪೆಕ್ಟರು ಬಂದ್ನಾ ಆಮ್ಯಾಕೆ?’ ಎಂದು ಕೇಳಿದ. ಬರಲಿಲ್ಲ, ವರ್ಗವಾಯಿತು ಎಂದ ಅಪ್ಪ. ಇಬ್ಬರೂ ಸೇರಿ ಆ ಪುಣ್ಯಾತ್ಮನನ್ನು ಬಾಯಿ ತುಂಬ ಬೈದರು. ನಾನು ಅಜ್ಜಿಯ ಕಾಲಿಗೆ, ಅಪ್ಪನ ಕಾಲಿಗೆ, ದೊಡ್ಡಪ್ಪನ ಕಾಲಿಗೆ ಒಂದೇ ಉಸಿರಿನಲ್ಲಿ ಬಿದ್ದು, ಲಂಗ ಎತ್ತಿ ಹಿಡಿದು ಓಣಿಗೆ ಓಡಿದೆ.

ಆ ಹೊಸ ಬಾಗಿಲೊಳಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಬಾಗಿಲು ಹೊಸದು, ಒಳಗಿನದೆಲ್ಲ ಹಳೆಯದೇ. ಹೊಗೆ ಹಿಡಿದ ಅದೇ ಕಂಬ, ಅದೇ ನೆಲ. ದೊಡ್ಡವ್ವ ಒರಳಿನ ಪಕ್ಕದಲ್ಲೇ ನಿಂತಿದ್ದಳು, ಕೈಯಲ್ಲಿ ಇನ್ನೂ ರಟ್ಟು. ನಾನು ಅವಳ ಕಾಲಿಗೆ ಬಿದ್ದು ಏಳುವುದರೊಳಗೆ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಎಂಟು ತುಂಬಿದ ಹುಡುಗಿ. ಕಾಲು ಅವಳ ಮೊಣಕಾಲಿಗೆ ಬಡಿಯುತ್ತಿತ್ತು.

“ಇಷ್ಟುದ್ದ ಆಗ್ಬುಟ್ಯಲ್ಲೇ ನನ್ಕೂಸೆ. ಉಂಡ್ಯಾ?”

ಉಂಡಿಲ್ಲ ಎಂದು ಸುಳ್ಳು ಹೇಳಿದೆ. ಅವಳು ನನ್ನನ್ನು ಇಳಿಸದೆಯೇ ಒಂದು ಕೈಯಲ್ಲಿ ಹೋಳಿಗೆ ಹುಡುಕಿದಳು, ತುಪ್ಪ ಹುಡುಕಿದಳು. ನಾನು ಅವಳ ಕುತ್ತಿಗೆ ತಬ್ಬಿಕೊಂಡು, ಇನ್ನು ಪ್ರಪಂಚದಲ್ಲಿ ನನಗೆ ಬೇಕಾದದ್ದು ಏನೂ ಉಳಿದಿಲ್ಲವೆಂದು ಭಾವಿಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ಬಳೆಯ ಸದ್ದಾಯಿತು. ನನ್ನ ಹಿಂದೆಯೇ ಅವ್ವ ಬಂದಿದ್ದಳು. ಹೊಸಿಲಿನ ಆಚೆಗೇ ನಿಂತು, ಕಂಕುಳಲ್ಲಿ ಮಡಚಿಟ್ಟುಕೊಂಡಿದ್ದ ನನ್ನ ದುಪ್ಪಟಿಯನ್ನು ದೊಡ್ಡವ್ವನ ಕಡೆಗೆ ಚಾಚಿದಳು.

“ಇವತ್ತು ಇಲ್ಲೇ ಮನಿಕ್ಕಳ್ಲಿ ಅಕ್ಕ. ಗೋಡೆ ಕಡೀಕೆ ಮಖ ಮಾಡ್ಕಂಡು ಮನಿಕ್ಕತಾಳೆ. ನಿದ್ದೆ ಅತ್ತೋಗಂಟ ಬೆನ್ನು ವಸಿ ತಟ್ತಾ ಇರ್ಬೇಕು, ಇಲ್ದಿದ್ರೆ ಬೆಚ್ಚಿ ಬೀಳ್ತಾಳೆ.”

ನನ್ನ ಬಾಯಲ್ಲಿ ಹೋಳಿಗೆ ಹಾಗೇ ನಿಂತಿತು. ಆ ಸಂಜೆ ಎಲ್ಲರ ಕಾಲಿಗೂ ಬಿದ್ದಿದ್ದ ನಾನು ಅವ್ವನ ಕಾಲಿಗೆ ಬಿದ್ದಿರಲಿಲ್ಲ. ದೊಡ್ಡವ್ವನ ಸೊಂಟದಿಂದ ಇಳಿದು, ಹೊಸಿಲು ದಾಟಿ, ಹೋಗಿ ಬಿದ್ದೆ.